ಓಡಿದವನಿಗೆ ಶಿಕ್ಷೆ, ಓಡಿಸಿದವರಿಗೆ?

ಉದ್ದೀಪನ ಮದ್ದಿನ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವ ಹೆಸರು ಬೆನ್ ಜಾನ್ಸನ್. ಆತ ತಪ್ಪು ಮಾಡಿದ, ಕೊನೆಗೆ ಅದನ್ನು ಒಪ್ಪಿಕೊಂಡ. ಅದರ ಬಗ್ಗೆ ತಕರಾರಿಲ್ಲ. ಆದರೆ ಆ ತಪ್ಪಿನ ಹಿಂದೆ ಯಾರೆಲ್ಲ ಇದ್ದರು ಎಂದು ಕೇಳುವ ಗೋಜಿಗೆ ನಾವು ಹೋಗುವುದು ಕಡಿಮೆ.

ಜಾನ್ಸನ್ ಹುಟ್ಟಿದ್ದು 1961ರಲ್ಲಿ, ಜಮೈಕಾದ ಫಾಲ್ಮತ್‌ನಲ್ಲಿ. 1976ರಲ್ಲಿ ಕುಟುಂಬ ಕೆನಡಾಕ್ಕೆ ವಲಸೆ ಬಂತು. ಮಾತನಾಡುವಾಗ ತೊದಲುತ್ತಿದ್ದ ಈ ಹುಡುಗ ಟೊರಾಂಟೊ ಬಳಿ ಚಾರ್ಲಿ ಫ್ರಾನ್ಸಿಸ್ ಎಂಬ ತರಬೇತುದಾರನ ಕೈಗೆ ಸೇರಿದ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಕಂಚು ಗೆದ್ದ. 1987ರಲ್ಲಿ ರೋಮ್‌ನಲ್ಲಿ 9.83 ಸೆಕೆಂಡಿನ ವಿಶ್ವದಾಖಲೆ ಬರೆದ. 1988ರ ಸೆಪ್ಟೆಂಬರ್ 24ರಂದು ಸಿಯೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ ಗುರಿ ಮುಟ್ಟಿ ಅಮೆರಿಕದ ಕಾರ್ಲ್ ಲೂಯಿಸ್‌ನನ್ನು ಹಿಂದಿಕ್ಕಿದ. ಕೆನಡಾದ ಪ್ರಧಾನಿಯೇ ದೂರವಾಣಿಯಲ್ಲಿ ಅಭಿನಂದಿಸಿದರು.

ಮೂರೇ ದಿನಗಳಲ್ಲಿ ಎಲ್ಲವೂ ತಲೆಕೆಳಗಾಯಿತು. ಆತನ ಮೂತ್ರದ ಮಾದರಿಯಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೆರಾಯ್ಡ್ ಪತ್ತೆಯಾಗಿತ್ತು. ಪದಕ ಲೂಯಿಸ್‌ಗೆ ಹೋಯಿತು. ಜಾನ್ಸನ್‌ಗೆ ಎರಡು ವರ್ಷ ನಿಷೇಧ. ಗೆದ್ದಾಗ ಕೆನಡಾದ ವೀರನಾಗಿದ್ದವನು ಸಿಕ್ಕಿಬಿದ್ದ ಮೇಲೆ ಆ ದೇಶದ ಪತ್ರಿಕೆಗಳಲ್ಲಿ ಮತ್ತೆ ಜಮೈಕಾದ ವಲಸಿಗನಾದ. ಗೆಲುವಿನಲ್ಲಿ ನಮ್ಮವನು, ಸೋಲಿನಲ್ಲಿ ಅನ್ಯನು ಎಂಬ ಈ ರೂಢಿಯನ್ನು ಹಲವು ದೇಶಗಳಲ್ಲಿ ಕಾಣುತ್ತೇವೆ.

ಕೆನಡಾ ಸರಕಾರ ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಿತು. 1989ರಲ್ಲಿ ಅದರ ಮುಂದೆ ಸಾಕ್ಷಿ ನುಡಿದ ಫ್ರಾನ್ಸಿಸ್, 1981ರಿಂದಲೇ ಜಾನ್ಸನ್ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದನೆಂದು ಹೇಳಿದ. ಜೇಮೀ ಆಸ್ಟಾಫನ್ ಎಂಬ ವೈದ್ಯ ಮದ್ದು ಒದಗಿಸುತ್ತಿದ್ದ. ಜಾನ್ಸನ್ ಕೂಡ ಸತ್ಯ ಒಪ್ಪಿಕೊಂಡ. ರೋಮ್‌ನ ದಾಖಲೆಯೂ ರದ್ದಾಯಿತು.

ಇಷ್ಟು ವರ್ಷ ಆತ ಸಿಕ್ಕಿಬೀಳದಿದ್ದುದು ಹೇಗೆ? ಸ್ಟೆರಾಯ್ಡ್‌ನ ಉಪಯೋಗ ಹೆಚ್ಚಾಗಿ ಆಗುವುದು ಓಟದ ದಿನ ಅಲ್ಲ, ತರಬೇತಿಯ ತಿಂಗಳುಗಳಲ್ಲಿ. ದಣಿದ ಸ್ನಾಯುಗಳು ಬೇಗ ಚೇತರಿಸಿಕೊಳ್ಳುತ್ತವೆ, ಮತ್ತಷ್ಟು ಕಠಿಣ ಅಭ್ಯಾಸ ಸಾಧ್ಯವಾಗುತ್ತದೆ. ಸ್ಪರ್ಧೆಗೆ ಕೆಲವು ವಾರ ಮುಂಚೆ ಮದ್ದು ನಿಲ್ಲಿಸಿದರೆ ಮೂತ್ರದಲ್ಲಿ ಏನೂ ಕಾಣದಿರುವ ಸಾಧ್ಯತೆ ಇರುತ್ತಿತ್ತು. ಓಟದ ದಿನ ಮಾತ್ರ ನಡೆಸುವ ಪರೀಕ್ಷೆಗೆ ಅರ್ಥವಿಲ್ಲ ಎಂಬುದನ್ನು ಡುಬಿನ್ ವರದಿ ಎತ್ತಿ ತೋರಿಸಿತು. ಮುನ್ಸೂಚನೆ ಇಲ್ಲದೆ, ತರಬೇತಿಯ ಜಾಗಕ್ಕೇ ಹೋಗಿ ಮಾದರಿ ಪಡೆಯುವ ಪದ್ಧತಿಗೆ ಬಲ ಬಂದದ್ದು ಇದರ ನಂತರವೇ. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಸ್ಥಾಪನೆಯಾಯಿತು. ಸಿಯೋಲ್‌ನಲ್ಲಿ ಜಾನ್ಸನ್ ಪರ ವಾದಿಸಿದ್ದ ಕೆನಡಾದ ವಕೀಲ ಡಿಕ್ ಪೌಂಡ್ ಅವರೇ ಅದರ ಮೊದಲ ಅಧ್ಯಕ್ಷರಾದರು.

ಜಾನ್ಸನ್ 1991ರಲ್ಲಿ ಮರಳಿ ಬಂದ. 1992ರ ಬಾರ್ಸಿಲೋನಾದಲ್ಲಿ ಸೆಮಿಫೈನಲ್ ದಾಟಲಿಲ್ಲ. 1993ರಲ್ಲಿ ಮತ್ತೆ ಸಿಕ್ಕಿಬಿದ್ದು ಆಜೀವ ನಿಷೇಧಕ್ಕೆ ಒಳಗಾದ. ಈ ಎರಡನೆಯ ತಪ್ಪಿಗೆ ಯಾವ ನೆಪವೂ ಸಲ್ಲದು. ಆದರೆ ಆತನ ಜೊತೆ ಓಡಿದವರನ್ನೂ ನೋಡಬೇಕು. 1988ರಲ್ಲಿ ಅಮೆರಿಕದ ಆಯ್ಕೆ ಸ್ಪರ್ಧೆಯ ವೇಳೆ ಲೂಯಿಸ್‌ನ ಮಾದರಿಯಲ್ಲೂ ನಿಷೇಧಿತ ಉತ್ತೇಜಕಗಳ ಅಂಶ ಕಂಡಿತ್ತು. ತಿಳಿಯದೆ ಸೇವಿಸಿದ್ದೆಂಬ ವಿವರಣೆಯನ್ನು ಅಲ್ಲಿನ ಒಲಿಂಪಿಕ್ ಸಮಿತಿ ಒಪ್ಪಿತು. ಜಗತ್ತಿಗೆ ಅದು ತಿಳಿದದ್ದು 2003ರಲ್ಲಿ. ಸಿಯೋಲ್‌ನಲ್ಲಿ ಬೆಳ್ಳಿ ಪಡೆದ ಬ್ರಿಟನ್ನಿನ ಲಿನ್‌ಫೋರ್ಡ್ ಕ್ರಿಸ್ಟಿ 1999ರಲ್ಲಿ ನಾಂಡ್ರೊಲೋನ್ ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷ ನಿಷೇಧಕ್ಕೊಳಗಾದ. ಪ್ರಕರಣಗಳು ಒಂದೇ ತೆರನಲ್ಲ, ನಿಜ. ಆದರೂ ಇಡೀ ಕಾಲದ ಕಳಂಕವನ್ನು ಹೊತ್ತವನು ಒಬ್ಬನೇ.

ಈ ಪ್ರಶ್ನೆ ನಮ್ಮ ಅಂಗಳಕ್ಕೂ ಬಂದಿದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದು ಕನ್ನಡಿಗರ ಮನೆಮಾತಾದರು. ಮರುವರ್ಷವೇ ಅವರೂ ಕೆಲವು ಜೊತೆ ಓಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಮಾತ್ರೆಯೇ ಕಾರಣ ಎಂಬುದು ಅವರ ವಾದವಾಗಿತ್ತು. ನಮ್ಮ ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ತರಬೇತುದಾರನನ್ನು ಕೆಲಸದಿಂದ ತೆಗೆಯಲಾಯಿತು.

ದೇಹದೊಳಗೆ ಏನು ಸಿಕ್ಕಿದರೂ ಅದಕ್ಕೆ ಕ್ರೀಡಾಪಟುವೇ ಹೊಣೆ ಎನ್ನುತ್ತದೆ ನಿಯಮ. ಅದು ಬೇಕು. ಇಲ್ಲವಾದರೆ ಸಿಕ್ಕಿಬಿದ್ದವರೆಲ್ಲ ತಿಳಿಯಲಿಲ್ಲ ಎಂದು ಜಾರಿಕೊಳ್ಳುತ್ತಾರೆ, ಪ್ರಾಮಾಣಿಕವಾಗಿ ಓಡಿದವರಿಗೆ ಅನ್ಯಾಯವಾಗುತ್ತದೆ. ಆದರೆ ಹಳ್ಳಿಯಿಂದ ಶಿಬಿರಕ್ಕೆ ಬಂದ ಹುಡುಗ ಹುಡುಗಿಯರು ಗುರು ಕೊಟ್ಟ ಮಾತ್ರೆಯನ್ನು ಪ್ರಶ್ನಿಸುವಷ್ಟು ಸ್ವತಂತ್ರರೇ? ಒಬ್ಬನೇ ತರಬೇತುದಾರನ ಕೈಕೆಳಗೆ ಹಲವರು ಸಿಕ್ಕಿಬಿದ್ದರೆ ಆತನನ್ನೂ ತನಿಖೆಗೆ ಒಳಪಡಿಸಬೇಕೆಂದು 2015ರ ವಾಡಾ ಸಂಹಿತೆ ಹೇಳಿತು. ಸಿಯೋಲ್ ಆಗಿ 27 ವರ್ಷಗಳ ನಂತರ! ಪದಕ ಬಂದಾಗ ಕ್ರೀಡಾಪಟುವಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ತರಬೇತುದಾರರು, ಅಧಿಕಾರಿಗಳು ಮಾತ್ರೆಯ ಲೆಕ್ಕ ಒಪ್ಪಿಸುವಾಗಲೂ ಅಲ್ಲೇ ನಿಲ್ಲಬೇಕು. ಅದನ್ನು ಒತ್ತಾಯಿಸುವ ಕೆಲಸ ಪದಕ ಬಂದಾಗ ಕುಣಿಯುವ ನಮ್ಮದೂ ಹೌದು.