ಹೊರನಾಡಿನಲ್ಲಿ ನಾಡಿನ ಹೆಸರು ಹೊತ್ತವರು

ರಾಜ್ಯೋತ್ಸವದ ದಿನ ನಾವು ನೆನೆಯುವ ಹೆಸರುಗಳು ಬಹುಮಟ್ಟಿಗೆ ಗೊತ್ತಾದವುಗಳೇ. ಆಲೂರ ವೆಂಕಟರಾಯರಿಂದ ಮೊದಲುಗೊಂಡು ಏಕೀಕರಣಕ್ಕಾಗಿ ದುಡಿದ ಹಿರಿಯರಿಗೆಲ್ಲ ನಮಸ್ಕಾರ ಸಲ್ಲಿಸುತ್ತೇವೆ, ಕವಿಗಳನ್ನು ಸ್ಮರಿಸುತ್ತೇವೆ, ಮಕ್ಕಳಿಂದ ನಾಡಗೀತೆ ಹಾಡಿಸುತ್ತೇವೆ, ಆಮೇಲೆ ಫಲಾಹಾರಕ್ಕೆ ಏಳುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಹಾಗೆಯೇ ಊರು ಬಿಟ್ಟು, ರೈಲು ಹತ್ತಿ, ಪರಭಾಷೆಯ ನಡುವೆ ಬಾಳು ಕಟ್ಟಿಕೊಂಡು, ಹಾಡಿ ನಟಿಸಿ ಅಸಂಖ್ಯ ಜನರನ್ನು ರಂಜಿಸಿ ಕಣ್ಮರೆಯಾದ ಕನ್ನಡದ ಮಕ್ಕಳು ಕೆಲವರಿದ್ದಾರೆ. ಅವರ ಹೆಸರು ನಮ್ಮ ವೇದಿಕೆಯ ಮೇಲೆ ಕೇಳಿಬರುವುದು ಅಪರೂಪ. ಈ ಸಂಚಿಕೆಯ ಕೆಲವು ಪುಟಗಳನ್ನು ಅವರಿಗೆ ಮೀಸಲಿಡೋಣವೆಂದು ನಮಗೆ ತೋರಿತು.

ಮೊದಲು ಒಂದು ಮಾತನ್ನು ಗಮನಿಸಬೇಕು. ನಮ್ಮ ನಾಡಿಗೆ ‘ಕರ್ನಾಟಕ’ ಎಂಬ ಹೆಸರು ಸರಕಾರದ ಕಾಗದಪತ್ರಗಳಲ್ಲಿ ಬಂದದ್ದು 1973ರ ನವೆಂಬರ 1ರಂದು. 1956ರಲ್ಲಿ ಕನ್ನಡ ಸೀಮೆಗಳು ಒಂದುಗೂಡಿದಾಗಲೂ ಅದು ಮೈಸೂರು ರಾಜ್ಯವೆಂದೇ ಕರೆಯಿಸಿಕೊಂಡಿತು. ಹೀಗಿರುವಾಗ, 1973ಕ್ಕಿಂತ ಸರಿಯಾಗಿ ಮೂವತ್ತು ವರ್ಷ ಮೊದಲೇ, ಲಾಹೋರಿನಿಂದ ಕಲಕತ್ತೆಯವರೆಗೆ ಬೋಲಪಟದ ಹಾಡು ಕೇಳುವ ಜನರೆಲ್ಲರ ನಾಲಗೆಯ ಮೇಲೆ ಆ ಹೆಸರನ್ನು ನಿಲ್ಲಿಸಿದವಳು ಬೀಳಗಿಯ ಒಬ್ಬ ಹೆಣ್ಣುಮಗಳು. ಆಕೆಯೇ ಅಮೀರಬಾಯಿ ಕರ್ನಾಟಕಿ.

ಬೀಳಗಿ ಅಂದು ವಿಜಾಪುರ ಜಿಲ್ಲೆಯಲ್ಲಿತ್ತು. 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಈ ನಾಲ್ಕೂ ಜಿಲ್ಲೆಗಳು ಮುಂಬಯಿ ಇಲಾಖೆಗೆ ಒಳಪಟ್ಟಿದ್ದ ಕಾಲ ಅದು. ಕೋರ್ಟು ಕಚೇರಿಯ ದೊಡ್ಡ ಕೆಲಸವಿದ್ದರೆ ಮುಂಬಯಿ, ದೊಡ್ಡ ಓದಾದರೆ ಪುಣೆ ಇಲ್ಲವೆ ಮುಂಬಯಿ. ಕಲೆಯ ಮಾತೂ ಹಾಗೆಯೇ. ಸಂಗೀತ ನಾಟಕ ಮಂಡಲಿಗಳು ಅಲ್ಲಿ; ಗ್ರಾಮಾಫೋನ ತಟ್ಟೆ ಮುದ್ರಿಸುವ ಕಂಪನಿಗಳು ಅಲ್ಲಿ; 1927ರಿಂದ ರೇಡಿಯೋ ಕೇಂದ್ರ ಅಲ್ಲಿ; ಬೋಲಪಟದ ಸ್ಟುಡಿಯೋಗಳೂ ಅಲ್ಲಿಯೇ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ತೆರೆದದ್ದು 1950ರ ಜನವರಿ 8ರಂದು. ಅದಕ್ಕೆ ಮೊದಲು ನಮ್ಮ ಕಡೆಯ ಒಳ್ಳೆಯ ಕಂಠಕ್ಕೆ ಅನ್ನ ದೊರೆಯಬೇಕಾದರೆ ಗದಗ–ಹೋಟಗಿಯ ಗಾಡಿಯನ್ನೋ ಮಿರಜದ ಗಾಡಿಯನ್ನೋ ಹಿಡಿಯುವುದೇ ದಾರಿಯಾಗಿತ್ತು. ಹೋದವರು ನಾಡನ್ನು ಮರೆತು ಹೋದರೆಂದು ತಿಳಿಯುವುದು ಅನ್ಯಾಯ.

ಅಮೀರಬಾಯಿಯವರು ಹರೆಯದಲ್ಲಿಯೇ ಮುಂಬಯಿಗೆ ಬಂದರು. ಅವರ ಅಕ್ಕ ಗೋಹರಬಾಯಿ ಅಷ್ಟರಲ್ಲಿಯೇ ಗಾಯಕಿಯಾಗಿ, ನಟಿಯಾಗಿ ಹೆಸರು ಮಾಡತೊಡಗಿದ್ದರು. 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಅಮೀರಬಾಯಿಯವರಿಗೆ ಪಾತ್ರ ಸಿಕ್ಕಿತು. ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥ ಯಶಸ್ಸು ಬರಲಿಲ್ಲ. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬೇರೂರುತ್ತಿದ್ದ ಕಾಲ. ನಟಿಸುವವರೇ ಹಾಡಬೇಕು, ಹಾಡುವವರೇ ನಟಿಸಬೇಕು. ಸಣ್ಣಪುಟ್ಟ ಪಾತ್ರ, ಸಣ್ಣಪುಟ್ಟ ಹಾಡು ಎಂದು ದಿನ ಕಳೆದವು.

1943ರಲ್ಲಿ ಮಲಾಡದ ಬಾಂಬೆ ಟಾಕೀಜು ಸಂಸ್ಥೆಯ ‘ಕಿಸ್ಮತ್’ ತೆರೆಗೆ ಬಂತು. ಜ್ಞಾನ ಮುಖರ್ಜಿಯವರ ನಿರ್ದೇಶನ, ಅನಿಲ ಬಿಸ್ವಾಸರ ಸಂಗೀತ, ಅಶೋಕಕುಮಾರ ಮತ್ತು ಮುಮ್ತಾಜ ಶಾಂತಿಯವರ ಅಭಿನಯ. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಅದು ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅದರ ಹಾಡುಗಳಲ್ಲಿ ಮುಖ್ಯವಾದ ಕಂಠ ನಮ್ಮ ಅಮೀರಬಾಯಿಯವರದು. ಕವಿ ಪ್ರದೀಪರು ಬರೆದ, ಹಿಂದುಸ್ಥಾನ ನಮ್ಮದು, ಪರಕೀಯರು ತೊಲಗಲಿ ಎಂಬ ಅರ್ಥದ ದೇಶಭಕ್ತಿಯ ಹಾಡನ್ನು ಅವರು ಖಾನ ಮಸ್ತಾನಾರೊಡನೆ ಹಾಡಿದರು. ‘ಚಲೇಜಾವ್’ ಚಳವಳಿ ಎದ್ದು ಇನ್ನೂ ವರುಷ ತುಂಬಿರಲಿಲ್ಲ, ಮುಂದಾಳುಗಳು ಸೆರೆಮನೆಯಲ್ಲಿದ್ದರು. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ಬಂದಿದ್ದರಿಂದ ಯುದ್ಧಕಾಲದ ಪರಿಶೀಲಕರು ಅದನ್ನು ಬಿಟ್ಟುಕೊಟ್ಟರು. ಯಾರು ತೊಲಗಬೇಕೆಂಬುದು ಮಾತ್ರ ಕೇಳುವ ಜನಕ್ಕೆ ಚೆನ್ನಾಗಿ ತಿಳಿದಿತ್ತು. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಕನ್ನಡಿಗರ ಪಾಲನ್ನು ಎಣಿಸುವಾಗ ಬೀಳಗಿಯ ಈ ಕಂಠವನ್ನೂ ಎಣಿಸಬೇಡವೇ?

ಮರುವರ್ಷ ನೌಶಾದರ ‘ರತನ್’ ಬಂದಿತು. ಅದರಲ್ಲಿ ಅಮೀರಬಾಯಿಯವರು ಹಾಡಿದ ವಿರಹದ ಹಾಡುಗಳು ಮನೆಮನೆಯ ಗ್ರಾಮಾಫೋನಿನಲ್ಲಿ ತಿರುಗಿದವು. 1948ರ ‘ಶಹನಾಜ’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈಹಾಕಿದ ಉದಾಹರಣೆ ಹಿಂದೀ ಚಿತ್ರಲೋಕದಲ್ಲಿ ಅಂದಿಗೆ ಬೆರಳೆಣಿಕೆಯಷ್ಟು.

ಬಾಳು ಮಾತ್ರ ಹಾಡಿನಷ್ಟು ಇಂಪಾಗಿರಲಿಲ್ಲ. ಮೊದಲ ವಿವಾಹ ಸುಖದ್ದಾಗಲಿಲ್ಲ; ಅದರಿಂದ ಬಿಡಿಸಿಕೊಂಡು ಅವರು ಮತ್ತೊಮ್ಮೆ ಸಂಸಾರ ಹೂಡಬೇಕಾಯಿತು. ಅಷ್ಟರಲ್ಲಿ ಕಾಲವೂ ಬದಲಾಯಿತು. 1949ರ ಹೊತ್ತಿಗೆ ಲತಾ ಮಂಗೇಶಕರರ ತೆಳುವಾದ, ಏರುಶ್ರುತಿಯ ಕಂಠ ಜನಮನವನ್ನು ಸೆಳೆಯಿತು. ತುಂಬುಕಂಠದ ಹಳೆಯ ಗಾಯಕಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ನಿನ್ನೆಯವರೆಗೆ ನಾಯಕಿಯ ದನಿಯಾಗಿದ್ದ ಅಮೀರಬಾಯಿಯವರು ಚಿತ್ರಗಳಲ್ಲಿ ಪೋಷಕ ಪಾತ್ರಗಳನ್ನು ವಹಿಸಿ ದುಡಿದರು. 1965ರ ಮಾರ್ಚ್ 3ರಂದು ಅವರು ಕಾಲವಶರಾದರು. ವಿಜಾಪುರದಲ್ಲಿ ಅವರ ಹೆಸರಿನ ‘ಅಮೀರ ಟಾಕೀಜು’ ಎದ್ದುನಿಂತದ್ದು, ದುಡಿದ ಹಣದೊಡನೆ ಮನಸ್ಸೂ ಊರಿನ ಕಡೆ ಹರಿದಿತ್ತೆಂಬುದಕ್ಕೆ ಸಾಕ್ಷಿ. ಅವರ ಜೀವನವನ್ನು ಹುಡುಕಿ ತೆಗೆದು ಕನ್ನಡದಲ್ಲಿ ಪುಸ್ತಕ ಬರೆದ ರಹಮತ್ ತರೀಕೆರೆಯವರಿಗೆ ನಾವೆಲ್ಲ ಋಣಿಗಳು.

ಅಕ್ಕ ಗೋಹರಬಾಯಿಯವರ ಕತೆ ಇನ್ನೊಂದು ಬಗೆಯದು. ಇವರನ್ನು ಬೇರೆ ಗೋಹರರೊಡನೆ ಕಲಸಿಬಿಡುವುದು ರೂಢಿಯಾಗಿದೆ. ಕಲಕತ್ತೆಯಲ್ಲಿ ಮೆರೆದು ಕಡೆಗೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ ಜಾನ್ ಬೇರೆ. ಮುಂಬಯಿಯ ರಣಜಿತ ಸ್ಟುಡಿಯೋದ ಗೋಹರ ಬೇರೆ. ನಮ್ಮ ಗೋಹರಬಾಯಿ ಕರ್ನಾಟಕಿ ಬೇರೆ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಗೆ ಕಳಶವಿಟ್ಟ ಬಾಲಗಂಧರ್ವರ ಮಂಡಲಿಯನ್ನು ಇವರು ಸೇರಿದರು. ಯಾವ ರಂಗದ ಮೇಲೆ ಗಂಡಸೇ ಸೀರೆಯುಟ್ಟು ಹೆಣ್ಣಾಗಿ ಜನರನ್ನು ಮರುಳುಮಾಡಿದ್ದನೋ ಅದೇ ರಂಗದ ಮೇಲೆ ಬೀಳಗಿಯ ಹೆಣ್ಣೊಬ್ಬಳು ನಾಯಕಿಯಾಗಿ ನಿಂತಳು. ಬಾಲಗಂಧರ್ವರು 1951ರಲ್ಲಿ ಇವರನ್ನು ಮದುವೆಯಾದರು. ಇದಕ್ಕಾಗಿ ಜನ ಆಡಿದ ಮಾತು ಸ್ವಲ್ಪವಲ್ಲ. ಮಂಡಲಿಯ ಒಳ್ಳೆಯ ದಿನಗಳು ಮುಗಿದು ಬಡತನ ಬಂದಾಗಲೂ ಗೋಹರಬಾಯಿ ಅವರ ಜೊತೆಗಿದ್ದರು.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ರಂಗದ ಮೇಲೆ ಹಾಡುವ ಹೆಣ್ಣಿಗೆ ಅಂದಿನ ಮರ್ಯಾದಸ್ಥ ಸಮಾಜ ಕೊಟ್ಟ ಸ್ಥಾನ ಯಾವುದು? ಹಾಡನ್ನು ಕೇಳಲು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದವರೇ ಹಾಡಿದವಳನ್ನು ಹೊಸ್ತಿಲೊಳಗೆ ಕರೆಯುತ್ತಿರಲಿಲ್ಲ. ಕುಲೀನರೆನಿಸಿಕೊಂಡವರು ಹೆಸರಿನ ಜೊತೆಗೆ ಮನೆತನವನ್ನು ಹೊತ್ತು ತಿರುಗಿದರು. ಈ ಅಕ್ಕತಂಗಿಯರು ಇಡಿಯ ನಾಡನ್ನೇ ಅಡ್ಡಹೆಸರು ಮಾಡಿಕೊಂಡರು. ನಾಡು ಯಾರಿಗೆ ಎಲ್ಲರಿಗಿಂತ ಕಡಿಮೆ ಮನ್ನಣೆ ಕೊಟ್ಟಿತೋ ಅವರೇ ನಾಡಿನ ಹೆಸರನ್ನು ಎಲ್ಲರಿಗಿಂತ ಮೊದಲು ಹೊರನಾಡಿಗೆ ಒಯ್ದರು. ರಾಜ್ಯೋತ್ಸವದ ದಿನ ಇದನ್ನು ನೆನೆಯದಿದ್ದರೆ ಇನ್ನಾವಾಗ ನೆನೆಯುವುದು?

ಹೆಸರಿನಲ್ಲಿ ಊರನ್ನು ಹೊತ್ತ ಇನ್ನೊಬ್ಬರು ಕುಂದಗೋಳದ ರಾಮಭಾವು ಕುಂದಗೋಳಕರರು. ಜನ ಕರೆದದ್ದು ಸವಾಯಿ ಗಂಧರ್ವರೆಂದು. 1886ರಲ್ಲಿ ಹುಟ್ಟಿದ ಇವರು ಖಾನಸಾಹೇಬ ಅಬ್ದುಲ ಕರೀಮಖಾನರಲ್ಲಿ ಕಲಿತು, ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಕೀರ್ತಿ ಪಡೆದರು. ಆಮೇಲೆ ಕುಂದಗೋಳದಲ್ಲಿ ನಿಂತು ವಿದ್ಯೆ ಹೇಳಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಗಂಗೂಬಾಯಿ ಹಾನಗಲ್ಲರು ಕಲಿತರು. ಮುಂಬಯಿಯ ಪಾರಸಿ ಮನೆತನದ ಫಿರೋಜ ದಸ್ತೂರರೂ ಅವರ ಶಿಷ್ಯರೇ. ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ಕೀರ್ತಿಶೇಷರಾದರು.

ಅವರ ಶಿಷ್ಯ ಭೀಮಸೇನ ಜೋಶಿಯವರ ಕತೆಯನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. 1922ರ ಫೆಬ್ರುವರಿ 4ರಂದು ಹುಟ್ಟಿದ ಇವರ ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಅಂಗಡಿಯೊಂದರಲ್ಲಿ ಅಬ್ದುಲ ಕರೀಮಖಾನರ ತಟ್ಟೆ ಕೇಳಿ ಹುಡುಗನಿಗೆ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟ. ಕಿಸೆಯಲ್ಲಿ ಕಾಸಿಲ್ಲ, ಕೈಯಲ್ಲಿ ಟಿಕೇಟಿಲ್ಲ. ತಪಾಸಣೆಗೆ ಬಂದವರಿಗೆ ಹಾಡು ಹೇಳಿ ಪಾರಾಗುತ್ತ ವಿಜಾಪುರ, ಪುಣೆ, ಗ್ವಾಲೇರ, ಕಲಕತ್ತೆ, ದಿಲ್ಲಿ ಸುತ್ತಿ ಜಾಲಂಧರ ಮುಟ್ಟಿದ. ಅಲ್ಲಿ ವಿನಾಯಕರಾವ ಪಟವರ್ಧನರು ಈ ಹುಡುಗನನ್ನು ಕಂಡು, ನಿನ್ನ ಕಡೆಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆಯೆಂದು ಕೇಳಿ ತಿರುಗಿ ಕಳಿಸಿದರು. ಗದಗಿನಿಂದ ಒಂದು ಹಗಲಿನ ಪ್ರಯಾಣವೂ ಅಲ್ಲದ ಕುಂದಗೋಳಕ್ಕೆ ಅರ್ಧ ಹಿಂದುಸ್ಥಾನ ಸುತ್ತಿ ಬಂದಂತಾಯಿತು. ಅಲ್ಲಿ ಗುರುಗಳ ಮನೆಗೆ ನೀರು ಹೊತ್ತು, ಕೆಲಸ ಮಾಡಿ, ನಾಲ್ಕು ವರ್ಷ ಕಲಿತರು.

1943ರಲ್ಲಿ ಅವರು ಮುಂಬಯಿ ರೇಡಿಯೋದ ಕಲಾವಿದರಾದರು. ಮುಂದೆ ಪುಣೆಯೇ ಮನೆಯಾಯಿತು. ಗುರುಗಳು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ಪುಣ್ಯತಿಥಿಯ ನೆನಪಿಗೆ ಅಲ್ಲಿ ಸಂಗೀತ ಮಹೋತ್ಸವ ಆರಂಭಿಸಿದರು. ಕುಂದಗೋಳದ ಗುರುವಿನ ಹೆಸರಿನ ಆ ಉತ್ಸವ ಇಡೀ ದೇಶದ ಸಂಗೀತಗಾರರು ಹಂಬಲಿಸುವ ವೇದಿಕೆಯಾಗಿ ಬೆಳೆಯಿತು. ಚಿತ್ರಗಳಿಗಾಗಿ ಅವರು ಹಾಡಿದ್ದು ಕಡಿಮೆ. ಆದರೆ 1956ರ ‘ಬಸಂತ ಬಹಾರ’ದಲ್ಲಿ ಮನ್ನಾ ಡೇಯವರೊಡನೆ ಹಾಡಿದ್ದೂ, ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ ‘ಸಂಧ್ಯಾರಾಗ’ದಲ್ಲಿ ಕನ್ನಡದಲ್ಲಿ ಹಾಡಿದ್ದೂ ಜನರ ನೆನಪಿನಲ್ಲಿ ನಿಂತವು. ತುಕಾರಾಮರ ಅಭಂಗವನ್ನೂ ಪುರಂದರದಾಸರ ಪದವನ್ನೂ ಒಂದೇ ಭಕ್ತಿಯಿಂದ ಹಾಡಿದ ಈ ಕಂಠವನ್ನು ಮರಾಠಿಗರು ತಮ್ಮದೆಂದರು, ನಾವು ನಮ್ಮದೆಂದೆವು. 2002ರಲ್ಲಿ ಅವರಿಗೆ ‘ಮಹಾರಾಷ್ಟ್ರ ಭೂಷಣ’, 2005ರಲ್ಲಿ ‘ಕರ್ನಾಟಕ ರತ್ನ’. ಕಡೆಗೆ 2008ರಲ್ಲಿ ‘ಭಾರತ ರತ್ನ’ ಘೋಷಣೆಯಾಗಿ ಜಗಳಕ್ಕೆ ಎಡೆಯೇ ಉಳಿಯಲಿಲ್ಲ. 2011ರ ಜನವರಿ 24ರಂದು ಪುಣೆಯಲ್ಲಿ ಆ ಕಂಠ ಮೌನವಾಯಿತು.

ಹೆಸರಿನಲ್ಲಿ ಊರನ್ನಾಗಲಿ ಮನೆತನವನ್ನಾಗಲಿ ಉಳಿಸಿಕೊಳ್ಳದೆ ಹೋದವರೂ ಉಂಟು. 1924ರ ಏಪ್ರಿಲ್ 8ರಂದು ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂದರೆ ಯಾರಿಗೆ ಗೊತ್ತಾಗುತ್ತದೆ? ಕುಮಾರ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ದೊಡ್ಡ ದೊಡ್ಡ ಗವಾಯಿಗಳ ತಟ್ಟೆ ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಈ ಬಾಲಕನಿಗೆ ಆ ಬಿರುದು ಕನ್ನಡ ನಾಡಿನಲ್ಲಿಯೇ ದೊರೆತದ್ದು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಾಲೆಯಲ್ಲಿ ಬೆಳೆದರು. ಹೆಸರು ಏರುತ್ತಿದ್ದಾಗಲೇ ಕ್ಷಯರೋಗ ಹಿಡಿಯಿತು. 1948ರಲ್ಲಿ ಒಣಹವೆಗಾಗಿ ಮಾಳವದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರ ಆಜ್ಞೆ. ಹಾಸಿಗೆಯ ಮೇಲೆ ಮಲಗಿದ ಆ ವರ್ಷಗಳಲ್ಲಿ ಬೀದಿಯಲ್ಲಿ ಹಾಯುವ ಹಳ್ಳಿಗರ ಹಾಡು, ಭಿಕ್ಷುಕರ ಪದ ಕಿವಿಗೆ ಬೀಳುತ್ತಿದ್ದವು. ಪತ್ನಿ ಭಾನುಮತಿಯವರ ಆರೈಕೆ, ಹೊಸದಾಗಿ ಬಂದ ಔಷಧಿ ಇವೆರಡರಿಂದ ಗುಣವಾಗಿ ಎದ್ದಾಗ ಹಳೆಯ ಉಸಿರಿನ ಬಲ ಉಳಿದಿರಲಿಲ್ಲ. ಇದ್ದಷ್ಟು ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳ ಹೊಸ ಗಾಯಕಿಯನ್ನು ರೂಪಿಸಿದರು. ಮಾಳವದ ಜಾನಪದ ಗೀತೆಗಳನ್ನೂ ಕಬೀರನ ನಿರ್ಗುಣ ಪದಗಳನ್ನೂ ದೇಶಕ್ಕೆ ಕೇಳಿಸಿದರು. 1992ರ ಜನವರಿ 12ರಂದು ದೇವಾಸದಲ್ಲಿಯೇ ದೇಹ ಬಿಟ್ಟರು. ಹೋದ ನೆಲದ ಹಾಡನ್ನು ಆ ನೆಲದವರೇ ಬೆರಗಾಗುವಂತೆ ಹಾಡಿದ ಕನ್ನಡಿಗ ಇವರು.

ಇವರೆಲ್ಲರನ್ನೂ ‘ನಮ್ಮವರು’ ಎಂದು ಹೇಳಿಕೊಳ್ಳುವ ಹಕ್ಕು ನಮಗುಂಟೆ? ಉಂಟು, ಆದರೆ ಸ್ವಲ್ಪ ವಿನಯದಿಂದ ಹೇಳಿಕೊಳ್ಳಬೇಕು. ಇವರಿಗೆ ಅನ್ನ ಕೊಟ್ಟದ್ದು ಮರಾಠಿ ರಂಗಭೂಮಿ, ಹಿಂದೀ ಬೋಲಪಟ, ಮಾಳವದ ಒಂದು ಸಣ್ಣ ಊರು. ನಮಗೂ ನಿಮಗೂ ಇಂದು ಅನ್ನ ಕೊಡುತ್ತಿರುವುದೂ ಇಂಥದೇ ಪರನಾಡು. ಆ ಉಪಕಾರವನ್ನು ಮರೆಯದೆ, ತಾಯ್ನುಡಿಯನ್ನೂ ಬಿಡದೆ ಬಾಳುವ ದಾರಿಯನ್ನು ಇವರು ನಮಗಿಂತ ಮೊದಲೇ ನಡೆದು ತೋರಿಸಿದ್ದಾರೆ. ಒಬ್ಬೊಬ್ಬರದು ಒಂದೊಂದು ಬಗೆ: ಕೆಲವರು ಹೆಸರಿನಲ್ಲಿ ನಾಡನ್ನು ಇಟ್ಟುಕೊಂಡರು, ಒಬ್ಬರು ದಾಸರ ಪದಗಳಲ್ಲಿ ಭಾಷೆಯನ್ನು ಇಟ್ಟುಕೊಂಡರು, ಇನ್ನೊಬ್ಬರು ಬಂದ ನೆಲವನ್ನೇ ತನ್ನದಾಗಿಸಿಕೊಂಡರು.

ನಮ್ಮ ಮನೆಗಳಲ್ಲಿ ಮೂರನೆಯ ತಲೆಮಾರು ಬೆಳೆಯುತ್ತಿದೆ. ಶಾಲೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಅಜ್ಜಿಯ ಹತ್ತಿರ ಮಾತ್ರ ಕನ್ನಡ. ಅಜ್ಜಿ ಇರುವವರೆಗೆ ಅಷ್ಟಾದರೂ ಉಂಟು. ಈ ಮಕ್ಕಳಿಗೆ ಕನ್ನಡವೆಂದರೆ ಕೇವಲ ರಜೆಯಲ್ಲಿ ಹೋಗುವ ಊರಿನ ಮಾತಾಗಬಾರದು. ತಾವಿರುವ ಈ ಪಟ್ಟಣದ ಚರಿತ್ರೆಯಲ್ಲಿಯೂ ಕನ್ನಡದ ದನಿಯಿದೆ ಎಂದು ಅವರಿಗೆ ತಿಳಿಯಬೇಕು. ಆದ್ದರಿಂದ ವಾಚಕ ಬಾಂಧವರಲ್ಲಿ ನಮ್ಮದೊಂದು ಬಿನ್ನಹ. ಈ ಹಬ್ಬದ ವಾರದಲ್ಲಿ ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತು ‘ಕಿಸ್ಮತ್’ ಚಿತ್ರದ ಅಮೀರಬಾಯಿಯವರ ಹಾಡನ್ನು ಕೇಳಿರಿ. ಭೀಮಸೇನರ ಒಂದು ದಾಸರ ಪದ ಕೇಳಿರಿ. ಹಾಡಿದವರು ಯಾವ ಊರಿನವರೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೀಳಗಿ ಎಲ್ಲಿದೆ, ಕುಂದಗೋಳ ಎಲ್ಲಿದೆ, ಸುಳೇಭಾವಿ ಎಲ್ಲಿದೆ ಎಂದು ನಕ್ಷೆ ಬಿಚ್ಚಿ ತೋರಿಸಿರಿ. ಅದರ ಪಕ್ಕದಲ್ಲಿ ನಿಮ್ಮ ಊರನ್ನೂ ತೋರಿಸಲು ಮರೆಯಬೇಡಿರಿ.