ಟಂಕಸಾಲೆಯಿಂದ ಸೆರಗಿಗೆ ಬಂದ ಚಮಕಿ

ಮದುವೆಯ ರವಿಕೆಗೆ, ಶಾಲಾ ವಾರ್ಷಿಕೋತ್ಸವದ ಕುಣಿತದ ಉಡುಪಿಗೆ, ಮನೆಯ ಬಾಗಿಲ ತೋರಣಕ್ಕೆ ಚಮಕಿ ಬೇಕು. ಫ್ಯಾನ್ಸಿ ಅಂಗಡಿಗೆ ಹೋದರೆ ಸಣ್ಣ ಪೊಟ್ಟಣಗಳಲ್ಲಿ ಕೆಂಪು, ಹಸಿರು, ಬಂಗಾರ, ಬೆಳ್ಳಿ ಎಂದು ಬಣ್ಣ ಬಣ್ಣದ ಬಿಲ್ಲೆಗಳು ಸಿಗುತ್ತವೆ. ಬೆಲೆಯೂ ಅಷ್ಟಕ್ಕಷ್ಟೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಸೀಕ್ವಿನ್’ ಎಂದು ಹೆಸರು. ಈ ಪದದ ಬೆನ್ನು ಹತ್ತಿ ಹೊರಟವರು ಕೊನೆಗೆ ಹೋಗಿ ನಿಲ್ಲುವುದು ಬಟ್ಟೆ ಅಂಗಡಿಯ ಮುಂದಲ್ಲ, ಚಿನ್ನದ ನಾಣ್ಯಕ್ಕೆ ಅಚ್ಚು ಹಾಕುವ ಟಂಕಸಾಲೆಯ ಬಾಗಿಲಲ್ಲಿ.

ಅರಬ್ಬಿ ಭಾಷೆಯಲ್ಲಿ ‘ಸಿಕ್ಕಾ’ ಎಂದರೆ ನಾಣ್ಯದ ಅಚ್ಚು. ನಮ್ಮಲ್ಲಿ ಸಿಕ್ಕಾ ರೂಪಾಯಿ ಎನ್ನುವಾಗ ಬರುವುದೂ ಇದೇ ಪದ. ಮೆಡಿಟರೇನಿಯನ್ ಸಮುದ್ರದ ವ್ಯಾಪಾರಿಗಳ ಬಾಯಲ್ಲಿ ಅದು ಇಟಲಿಗೆ ಹೋಗಿ ‘ಜೆಕ್ಕಾ’ ಆಯಿತು. ಅಲ್ಲಿ ಟಂಕಸಾಲೆಗೇ ಆ ಹೆಸರು. ವೆನಿಸ್ ಗಣರಾಜ್ಯವು 1284ರಲ್ಲಿ ಸುಮಾರು ಮೂರೂವರೆ ಗ್ರಾಂ ತೂಕದ ಅಪ್ಪಟ ಚಿನ್ನದ ಡುಕಾಟ್ ನಾಣ್ಯವನ್ನು ಹೊರಡಿಸಲು ಆರಂಭಿಸಿತು. ಜೆಕ್ಕಾದಿಂದ ಬಂದದ್ದಾದ್ದರಿಂದ ಮುಂದೆ ಅದಕ್ಕೆ ‘ಜೆಕ್ಕೀನೋ’ ಎಂಬ ಹೆಸರು ನಿಂತಿತು. ಅದನ್ನೇ ಫ್ರೆಂಚರು ‘ಸೆಕಾಂ’ ಎಂದರು, ಇಂಗ್ಲಿಷರು ಸೀಕ್ವಿನ್ ಎಂದರು. 1797ರಲ್ಲಿ ನೆಪೋಲಿಯನ್ ವೆನಿಸ್ ಗಣರಾಜ್ಯವನ್ನು ಮುಗಿಸುವವರೆಗೂ, ಅಂದರೆ ಐದು ಶತಮಾನಗಳ ಕಾಲ, ಈ ನಾಣ್ಯದ ತೂಕವಾಗಲಿ, ಚಿನ್ನದ ಶುದ್ಧತೆಯಾಗಲಿ, ಮೇಲಿನ ಚಿತ್ರವಾಗಲಿ ಹೆಚ್ಚೇನೂ ಬದಲಾಗಲಿಲ್ಲ. ವ್ಯಾಪಾರಿಗಳು ಅದನ್ನು ಕಣ್ಣು ಮುಚ್ಚಿ ನಂಬಿದ್ದು ಇದರಿಂದಲೇ.

ಮೆಣಸು, ಮಸಾಲೆಗಳ ಬೆಲೆಯಾಗಿ ಈ ಚಿನ್ನ ನಮ್ಮ ಪಶ್ಚಿಮ ಕರಾವಳಿಗೂ ಧಾರಾಳವಾಗಿ ಹರಿದು ಬಂತು. ನಾಣ್ಯದ ಒಂದು ಮುಖದಲ್ಲಿ ವೆನಿಸ್ಸಿನ ಮುಖ್ಯಸ್ಥ ಸಂತ ಮಾರ್ಕನ ಮುಂದೆ ಮಂಡಿಯೂರಿ ಧ್ವಜದ ಕೋಲು ಹಿಡಿದ ಚಿತ್ರ. ತಮಿಳು ನಾಡಿನವರ ಕಣ್ಣಿಗೆ ಅದು ಮರದ ಬುಡದಲ್ಲಿ ಕುಳಿತ, ತಾಳೆ ಮರ ಹತ್ತುವವನಂತೆ ಕಂಡಿತು; ನಾಣ್ಯಕ್ಕೆ ಹಾಗೆಯೇ ಹೆಸರಿಟ್ಟರು! ಮಹಾರಾಷ್ಟ್ರದ ಕಡೆಯವರಿಗೆ ಅದು ಬೊಂಬೆಯಂತೆ ಕಂಡು ‘ಪುತಳಿ’ಯಾಯಿತು. ಅಂಥ ನಾಣ್ಯಗಳನ್ನೂ ಅವುಗಳ ಅನುಕರಣೆಗಳನ್ನೂ ಪೋಣಿಸಿದ ಪುತಳಿ ಸರ ಮರಾಠಿ ಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಹೆಂಗಸರ ಕೊರಳಿಗೆ ಬಂತು. ಈಜಿಪ್ಟ್, ತುರ್ಕಿಗಳಲ್ಲಿ ಹೆಂಗಸರು ನಾಣ್ಯಗಳನ್ನು ತಲೆವಸ್ತ್ರದ ಅಂಚಿಗೆ ಹೊಲಿದುಕೊಳ್ಳುತ್ತಿದ್ದರು. ಬ್ಯಾಂಕು ಇಲ್ಲದ ಕಾಲದಲ್ಲಿ ಮೈಮೇಲಿನ ಬಟ್ಟೆಯೇ ತಿಜೋರಿ. ನಮ್ಮ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಲ್ಲಿ ಕನ್ನಡಿ ಚೂರು, ಕವಡೆಗಳ ಜತೆಗೆ ನಾಣ್ಯವೂ ಇರುವುದನ್ನು ಸಂಡೂರಿನ ಕಸೂತಿ ನೋಡಿದವರು ಬಲ್ಲರು. ನಾಣ್ಯಕ್ಕೆ ತೂತು ಕೊರೆಯುವುದೇ ಇದರಲ್ಲಿ ಕಷ್ಟದ ಕೆಲಸ. 1943ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರ ಹೊರಡಿಸಿದ ತೂತಿನ ಕಾಸಿಗೆ ಆ ಕಷ್ಟವೂ ಇರಲಿಲ್ಲ.

ಹೊಳೆಯುವ ಬಿಲ್ಲೆಯನ್ನು ಬಟ್ಟೆಗೆ ಹೊಲಿಯುವ ಪದ್ಧತಿ ಮಾತ್ರ ಈ ಪದಕ್ಕಿಂತ ಬಹಳ ಹಳೆಯದು. 1922ರಲ್ಲಿ ಪತ್ತೆಯಾದ ತೂತಾಂಖಾಮನ್‌ನ ಸಮಾಧಿಯಲ್ಲಿ ಚಿನ್ನದ ಬಿಲ್ಲೆಗಳನ್ನು ಹೊಲಿದ ವಸ್ತ್ರಗಳಿದ್ದವು, ಆತ ಕ್ರಿ.ಪೂ. 14ನೆಯ ಶತಮಾನದ ಅರಸ. ಲಿಯೊನಾರ್ಡೊ ಡ ವಿಂಚಿ ಬಿಲ್ಲೆಗಳನ್ನು ಕತ್ತರಿಸುವ ಯಂತ್ರವೊಂದರ ನಕ್ಷೆಯನ್ನೇ ಬರೆದಿಟ್ಟಿದ್ದ. ಕೈಕೆಲಸದವರ ಉಪಾಯ ಇನ್ನೂ ಸರಳ. ಬೆಳ್ಳಿಯ ತಂತಿಯನ್ನು ಕಡ್ಡಿಗೆ ಸುತ್ತಿ, ಕತ್ತರಿಸಿ, ಸಿಕ್ಕ ಉಂಗುರಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದರೆ ನಡುವೆ ತೂತು ಉಳಿದು ಬಿಲ್ಲೆ ಸಿದ್ಧ. ನಮ್ಮ ಜರದೋಸಿಯವರ ಸಲ್ಮಾ-ಸಿತಾರದ ಸಿತಾರವೂ ಲೋಹದ ಇಂಥದೇ ಪುಟ್ಟ ಬಿಲ್ಲೆ. ಲೋಹವೇ ಬೇಕೆಂದೇನೂ ಇರಲಿಲ್ಲ. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್‌ನ ಪತ್ನಿ ತೊಟ್ಟಿದ್ದ ಪ್ರಸಿದ್ಧ ನವಿಲುಗರಿ ಉಡುಪಿನ ಜರಿ ಕಸೂತಿ ದೆಹಲಿಯ ಕುಶಲಕರ್ಮಿಗಳದು. ಅದರ ಒಂದೊಂದು ಕಣ್ಣಿನಲ್ಲೂ ಹಸಿರಾಗಿ ಮಿನುಗಿದ್ದು ರತ್ನವಲ್ಲ, ಜೀರುಂಡೆಯ ರೆಕ್ಕೆ!

ಲೋಹದ ಬಿಲ್ಲೆಗೆ ಎರಡು ದೋಷ: ತೂಕ ಹೆಚ್ಚು, ಬೆಳ್ಳಿಯಾದರೆ ಕಪ್ಪಾಗುತ್ತದೆ. ಮೈತುಂಬ ಬಿಲ್ಲೆ ಹೊತ್ತು ಕುಣಿಯುವುದು ಸುಲಭವಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುವ ಅಂಟು. ಅದನ್ನು ತೆಳುವಾದ ಹಾಳೆಯಾಗಿಸಿ, ಬಣ್ಣ ಕೊಟ್ಟು ಬಿಲ್ಲೆ ಕತ್ತರಿಸಿದರು. ಹಗುರ, ಅಗ್ಗ, ಮೇಲಾಗಿ ಬೇಕಾದ ಬಣ್ಣ. 1930ರ ದಶಕದಲ್ಲಿ ಇಂಥ ಉಡುಪುಗಳು ಚಾಲ್ತಿಯಲ್ಲಿದ್ದವು. ಆದರೆ ಜೆಲಟಿನ್ ನೀರಿಗೆ, ಬಿಸಿಗೆ ಕರಗುವ ವಸ್ತು. ಮಳೆಯಲ್ಲಿ ಸಿಕ್ಕಿಬಿದ್ದರೆ ಉಡುಪಿನ ಕಥೆ ಮುಗಿಯಿತು. ಜತೆಗೆ ನರ್ತಿಸುವವನ ಬೆವರಿದ ಅಂಗೈ ಸೊಂಟದ ಮೇಲೆ ಒಂದಷ್ಟು ಹೊತ್ತು ನಿಂತರೂ ಅಲ್ಲಿನ ಬಿಲ್ಲೆಗಳು ಮೆತ್ತಗಾಗಿ ಅಂಟಿಕೊಳ್ಳುತ್ತಿದ್ದವು. ಇಂದಿಗೂ ವಸ್ತುಸಂಗ್ರಹಾಲಯಗಳು ಅಂಥ ಉಡುಪುಗಳನ್ನು ನೀರಿನಿಂದ, ಹಬೆಯಿಂದ ದೂರವಿಟ್ಟೇ ಕಾಪಾಡಬೇಕು. ತೊಳೆದರೆ ಕೊಳೆಯ ಜತೆ ಅಲಂಕಾರವೂ ಹೋಗುತ್ತದೆ.

ಮುಂದೆ ಸಿನಿಮಾ ರೀಲಿಗೆ ಬಳಸುತ್ತಿದ್ದ ಅಸಿಟೇಟ್‌ನಲ್ಲಿ ಬಿಲ್ಲೆ ಮಾಡಿದರು. ಹೊಳಪೇನೋ ಚೆನ್ನಾಗಿತ್ತು, ಆದರೆ ಗಾಜಿನಂತೆ ಬಿರುಕು ಬಿಡುತ್ತಿತ್ತು. 1950ರ ದಶಕದ ಆರಂಭದಲ್ಲಿ ಡ್ಯುಪಾಂಟ್ ಕಂಪನಿಯ ಮೈಲಾರ್ ಎಂಬ ಪಾಲಿಯೆಸ್ಟರ್ ಪೊರೆ ಬಂದ ಮೇಲೆ ಚಮಕಿ ನೀರಿಗೆ ಹೆದರುವುದನ್ನು ಬಿಟ್ಟಿತು. ಇಂದು ಪೊಟ್ಟಣದಲ್ಲಿ ಬರುವುದು ಬಹುಪಾಲು ಪ್ಲಾಸ್ಟಿಕ್ಕೇ.

ಆರಿಸುವವರಿಗೆ ಈ ಚರಿತ್ರೆಯೆಲ್ಲ ಅಂಗಡಿಯ ಕಟ್ಟೆಯ ಮೇಲೆ ಉಪಯೋಗಕ್ಕೆ ಬರುತ್ತದೆ. ಚಪ್ಪಟೆ ಚಮಕಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮಲಗುತ್ತದೆ. ದೊಡ್ಡ ಜಾಗ ತುಂಬಲು ಅದೇ ಸರಿ. ಬಟ್ಟಲಿನಂತೆ ಬಾಗಿ, ಮುಖ ಮುಖವಾಗಿ ಮಡಿಸಿದ್ದು ನಾಲ್ಕಾರು ದಿಕ್ಕಿಗೆ ಬೆಳಕು ಚೆಲ್ಲುತ್ತದೆ. ದೂರದಿಂದ ಕಾಣಬೇಕಾದ ರಂಗದ ಉಡುಪಿಗೆ ಅದು ಒಪ್ಪುತ್ತದೆ. ಅಂಚಿನಲ್ಲಿ ತೂತಿರುವ ದೊಡ್ಡ ಬಿಲ್ಲೆ ತೂಗಾಡುತ್ತದೆ. ಕುಣಿಯುವವರಿಗೆ ಅದು ಚೆಂದ, ಮಗುವಿನ ಅಂಗಿಗೆ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡೀತು. ಕಾಗದದ ತೋರಣಕ್ಕೆ ಅಂಟು ಸಾಕು, ಒಗೆಯುವ ಬಟ್ಟೆಗೆ ಹೊಲಿಗೆಯೇ ಬೇಕು. ಇಸ್ತ್ರಿ ಪೆಟ್ಟಿಗೆ ನೇರವಾಗಿ ತಾಕಿದರೆ ಯಾವ ಪ್ಲಾಸ್ಟಿಕ್ ಚಮಕಿಯೂ ಸುರುಟುತ್ತದೆ. ಬಣ್ಣ ನಿಲ್ಲುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ನಾಲ್ಕು ಬಿಲ್ಲೆಗಳನ್ನು ಬಿಳಿ ಚಿಂದಿಗೆ ಹೊಲಿದು ಸೋಪಿನ ನೀರಿನಲ್ಲಿ ರಾತ್ರಿ ನೆನೆಹಾಕಿ ನೋಡುವುದು ಅಗ್ಗದ ಪರೀಕ್ಷೆ.

ನೀರಿಗೆ ಕರಗದ್ದು ಮಣ್ಣಿಗೂ ಕರಗುವುದಿಲ್ಲ. ಒಗೆದಾಗ ಉದುರಿದ ಬಿಲ್ಲೆ ಮೋರಿ ಸೇರಿ ಹಾಗೆಯೇ ಉಳಿಯುತ್ತದೆ. ಮರದ ಸೆಲ್ಯುಲೋಸ್‌ನಿಂದ, ಪಾಚಿಯಿಂದ ಚಮಕಿ ಮಾಡುವ ಪ್ರಯೋಗಗಳು ಇತ್ತೀಚಿನ ವರ್ಷಗಳಲ್ಲಿ ನಡೆದಿವೆ. ಅವು ನಮ್ಮ ಫ್ಯಾನ್ಸಿ ಅಂಗಡಿಯ ಪೊಟ್ಟಣಕ್ಕೆ ಬರುವುದು ಬೆಲೆಯನ್ನು ಅವಲಂಬಿಸಿದ ಮಾತು. ಹಳೆಯ ಜರಿ ಸೀರೆಯನ್ನು ಮನೆಬಾಗಿಲಿಗೆ ಬಂದು ಕೊಳ್ಳುವವರು ಹಿಂದೆ ಬೇಕಾದಷ್ಟಿದ್ದರು. ಅವರು ಸೀರೆಯನ್ನು ಸುಟ್ಟು ಬೆಳ್ಳಿಯನ್ನು ತೆಗೆದುಕೊಳ್ಳುತ್ತಿದ್ದರು. ಚಮಕಿ ಸೀರೆ ಮುಂದೆ ಹಿಡಿದರೆ ಅವರು ತಕ್ಕಡಿಯನ್ನೇ ತೆಗೆಯರು.