ಜೇನುಪೆಟ್ಟಿಗೆಯ ಶತ್ರುಗಳು ಮತ್ತು ರಕ್ಷಣೆ: ಬಂಗಾರಪೇಟೆ–ಕೆಜಿಎಫ್ ಸೀಮೆ

ಇರುವೆ, ಮೇಣದ ಹುಳು, ಕಣಜ, ಹಕ್ಕಿಗಳಿಂದ ಜೇನುಪೆಟ್ಟಿಗೆಯನ್ನು ಕಾಯುವ ವಿಧಾನಗಳ ಬಗ್ಗೆ ಕನ್ನಡದಲ್ಲಿ ಬಳಕೆಯಲ್ಲಿರುವ ತಿಳಿವಳಿಕೆಯಲ್ಲಿ ಹೆಚ್ಚಿನದು ಕೊಡಗು ಮತ್ತು ದಕ್ಷಿಣ ಕನ್ನಡದ ತೋಟಗಳದ್ದು. ವಿರಾಜಪೇಟೆ, ಪುತ್ತೂರುಗಳ ಜೇನು ಸಹಕಾರ ಸಂಘಗಳು ಬೆಳೆದದ್ದು ಆ ಮಳೆನಾಡಿನಲ್ಲಿ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ, ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಗೆ ಆ ಪಾಠ ಹಾಗೆಯೇ ಒಗ್ಗುವುದಿಲ್ಲ. ಚಿನ್ನದ ಗಣಿಗಳಿಗೆ ಪಾಲಾರ್ ನದಿಪಾತ್ರದ ಬೇತಮಂಗಲ ಕೆರೆಯಿಂದ ನೀರು ತಂದ ಸೀಮೆ ಇದು. ಪೆಟ್ಟಿಗೆಯ ಕಾಲಿನ ಕೆಳಗೊಂದು ಬಟ್ಟಲು ನೀರು ಎಂದರೂ ಇಲ್ಲಿ ಲೆಕ್ಕ ಬೇರೆ.

ಇರುವೆ ತಡೆಯುವ ಉಪಾಯವನ್ನು ಮನುಷ್ಯನಿಗಿಂತ ಮೊದಲು ಜೇನೇ ಕಂಡುಕೊಂಡಿತ್ತು. ಬಯಲುಸೀಮೆಯ ಬೇಲಿಸಾಲಿನಲ್ಲಿ, ಕುರುಚಲು ಗಿಡಗಳಲ್ಲಿ ಅಂಗೈಯಗಲದ ಒಂದೇ ಹುಟ್ಟು ಕಟ್ಟುವ ಕೋಲುಜೇನು ತಾನು ಹಿಡಿದ ಕಡ್ಡಿಯ ಎರಡೂ ಬದಿಗೆ ಅಂಟು ಬಳಿಯುತ್ತದೆ. ಹತ್ತಿರದಿಂದ ನೋಡಿದರೆ ಹುಟ್ಟಿನ ಆಚೆ ಈಚೆ ಒಂದೊಂದು ಅಂಗುಲದಷ್ಟು ಜಾಗ ಕಂದುಬಣ್ಣದಲ್ಲಿ ಮಿರುಗುತ್ತಿರುತ್ತದೆ. ಕಡ್ಡಿ ಹಿಡಿದು ಬಂದ ಇರುವೆ ಮೀಸೆ ತಾಗಿಸಿ ನೋಡಿ ಹಿಂದಿರುಗುತ್ತದೆ, ಇಲ್ಲವೇ ಕಾಲು ಸಿಕ್ಕಿಸಿಕೊಂಡು ಅಲ್ಲೇ ಉಳಿಯುತ್ತದೆ. ಧೂಳು ಕೂತು ಅಂಟು ಸತ್ತರೆ ಕೆಲಸಗಾರ ನೊಣಗಳು ಹೊಸದಾಗಿ ಬಳಿಯುತ್ತವೆ. ಪೊಟರೆಯಲ್ಲಿ ಹಲವು ಹುಟ್ಟು ಕಟ್ಟುವ ತುಡುವೆಗೆ ಈ ವಿದ್ಯೆಯಿಲ್ಲ. ಎತ್ತರ, ಇಕ್ಕಟ್ಟಾದ ಬಾಯಿ ಮತ್ತು ಕಾವಲು ನೊಣಗಳೇ ಅದರ ರಕ್ಷಣೆ.

ಪೆಟ್ಟಿಗೆ ಬಂದದ್ದು ಈ ರಕ್ಷಣೆಯನ್ನು ಸಡಿಲಿಸಿತು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಳಚಿ ತೆಗೆಯಬಹುದಾದ ಚೌಕಟ್ಟುಗಳ ಗೂಡನ್ನು ರೂಪಿಸಿದ. ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ 1911ರಿಂದ 1917ರ ನಡುವೆ ತುಡುವೆಯ ಮೈಯಳತೆಗೆ ತಕ್ಕ ಚಿಕ್ಕ ಪೆಟ್ಟಿಗೆ ಮಾಡಿ ಹಲವರಿಗೆ ಸಾಕಣೆ ಕಲಿಸಿದ. ದಕ್ಷಿಣ ಭಾರತದ ತುಡುವೆ ಸಾಕಣೆ ಬಹುಪಾಲು ಆ ಪೆಟ್ಟಿಗೆಯ ಮೇಲೆಯೇ ನಿಂತಿತು. ಮರದ ಮೇಲಿದ್ದ ಜೇನು ಸಂಸಾರ ಮನುಷ್ಯನ ಸೊಂಟದೆತ್ತರಕ್ಕೆ ಇಳಿಯಿತು. ಹಲಗೆಗಳ ನಡುವೆ ಸಂದು ಬಿತ್ತು. ಸಂದಿದ್ದಲ್ಲಿ ಇರುವೆ.

ಅದಕ್ಕೆ ಸಿಕ್ಕ ಉತ್ತರ ನೀರಿನ ಬಟ್ಟಲು: ನಾಲ್ಕು ಕಾಲಿನ ಪೀಠ, ಪ್ರತಿ ಕಾಲಿಗೂ ಒಂದು ಮಣ್ಣಿನ ಅಥವಾ ತಗಡಿನ ಬಟ್ಟಲು. ಮಳೆನಾಡಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬಂಗಾರಪೇಟೆಯ ಏಪ್ರಿಲ್ ಬಿಸಿಲಿಗೆ ಬಟ್ಟಲು ಬೇಗ ಬತ್ತುತ್ತದೆ; ತುಂಬಿದ್ದರೂ ಗಾಳಿಗೆ ಬಿದ್ದ ಒಂದು ಹೊಂಗೆ ಎಲೆ, ಪೀಠಕ್ಕೆ ಒರಗಿದ ಒಂದು ಹುಲ್ಲುಕಡ್ಡಿ ಸಾಕು, ಇರುವೆಗೆ ಸೇತುವೆ ಸಿದ್ಧ. ನೀರು ಹುಡುಕಿ ಬಂದ ಜೇನುನೊಣಗಳು ಅದರಲ್ಲೇ ಮುಳುಗಿ ಸಾಯುವುದೂ ಉಂಟು. ಹಾಗಾಗಿ ಒಣಸೀಮೆಗೆ ಒಂಟಿ ಕಬ್ಬಿಣದ ಕಂಬವೇ ಮೇಲು. ಕಾಯಬೇಕಾದ ದಾರಿ ಒಂದೇ. ಕಂಬಕ್ಕೆ ಗ್ರೀಸ್ ಬಳಿಯಬಹುದು, ಇಲ್ಲವೇ ಬಳಸಿಬಿಟ್ಟ ಎಂಜಿನ್ ಆಯಿಲ್ ತುಂಬಿದ ಬಟ್ಟಲು ಕೂರಿಸಬಹುದು. ಎಣ್ಣೆ ನೀರಿನ ಹಾಗೆ ಆರಿಹೋಗದು. ಆದರೆ ಮಳೆನೀರು ಸೇರಿದರೆ ಅದು ತೇಲಿ ಹೊರಚೆಲ್ಲುತ್ತದೆ, ಆದ್ದರಿಂದ ಮೇಲೊಂದು ಕವುಚಿದ ತಟ್ಟೆ ಬೇಕು. ಬೂದಿಯ ಸುತ್ತುಗೆರೆ ಮೊದಲ ಮಳೆಯವರೆಗೆ ಮಾತ್ರ. ಇರುವೆ ಗೂಡಿಗೆ ಬಿಎಚ್‌ಸಿ ಕೀಟನಾಶಕ ಪುಡಿ ಎರಚುವ ಕಾಲವೂ ಇತ್ತು. 1997ರಲ್ಲಿ ಅದು ನಿಷೇಧವಾಯಿತು. ಇರುವೆಯನ್ನೂ ಜೇನನ್ನೂ ಒಂದೇ ಸಮ ಕೊಲ್ಲುವ ಪುಡಿಯನ್ನು ಪೆಟ್ಟಿಗೆಯ ಬುಡಕ್ಕೆ ಹಾಕುವುದು ಮೊದಲಿನಿಂದಲೂ ಬುದ್ಧಿವಂತಿಕೆಯಾಗಿರಲಿಲ್ಲ.

ಇರುವೆಗಳಲ್ಲಿ ಗೊದ್ದ ಹೆಚ್ಚಾಗಿ ರಾತ್ರಿಯ ಕಳ್ಳ. ಮರ ಹತ್ತಿ ಎಲೆ ಹೊಲಿಯುವ ಕೆಂಜಿಗ ಹಗಲಲ್ಲೇ ನೊಣ ಹಿಡಿಯುತ್ತದೆ. ಮಾವಿನ ಕೊಂಬೆ ಪೆಟ್ಟಿಗೆಗೆ ತಾಗುತ್ತಿದ್ದರೆ ಕಂಬದ ಗ್ರೀಸ್ ಇದ್ದೂ ಇಲ್ಲದಂತೆ. ಬಲವಾದ ಸಂಸಾರ ಇರುವೆಯನ್ನು ತಾನೇ ಓಡಿಸುತ್ತದೆ. ಜಪಾನಿನ ತುಡುವೆಗಳು ಬೆನ್ನು ತಿರುಗಿಸಿ ರೆಕ್ಕೆಯಿಂದ ಇರುವೆಯನ್ನು ಬಾರಿಸಿ ಎಸೆಯುವುದನ್ನು ಸಂಶೋಧಕರು ಚಿತ್ರೀಕರಿಸಿದ್ದಾರೆ. ಸೊರಗಿದ ಸಂಸಾರಕ್ಕೆ ಉಳಿಯುವ ದಾರಿ ಗೂಡು ಬಿಟ್ಟು ಹಾರಿಹೋಗುವುದು. ಹುಣಸೆ, ಹೊಂಗೆ, ಬೇವಿನ ಹೂವು ಮುಗಿದು ಸಕ್ಕರೆ ಪಾಕ ಕೊಡುವ ತಿಂಗಳುಗಳಲ್ಲೇ ಈ ಅಪಾಯ ಹೆಚ್ಚು. ಚೆಲ್ಲಿದ ಒಂದು ತೊಟ್ಟು ಪಾಕ ಇರುವೆಯ ಇಡೀ ಸಾಲನ್ನು ಕರೆತರುತ್ತದೆ, ಆದ್ದರಿಂದ ಪಾಕವನ್ನು ಸಂಜೆ, ಪೆಟ್ಟಿಗೆಯೊಳಗೇ ಇಡುವುದು ವಾಡಿಕೆ. ಹೂವಿನ ಮಟ್ಟಿಗೆ ಹೇಳುವುದಾದರೆ, ನೀಲಗಿರಿ ತೋಪುಗಳು ಮಕರಂದದ ದೊಡ್ಡ ಆಸರೆ. 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲದ ದೃಷ್ಟಿಯಿಂದ ಅದು ಸರಿಯೇ, ಜೇನಿನವರಿಗೆ ಮಾತ್ರ ಬದಲಿ ಹೂವು ಹುಡುಕುವ ಕೆಲಸ ಬಿತ್ತು.

ಮೇಣದ ಹುಳು ಪತಂಗವೊಂದರ ಮರಿ. ನೊಣಗಳು ಆವರಿಸದೆ ಬಿಟ್ಟ ಹಳೆಯ ಕಪ್ಪು ಹುಟ್ಟಿನಲ್ಲಿ ರೇಷ್ಮೆನೂಲಿನ ಸುರಂಗ ಮಾಡಿ ಜರಡಿಯಾಗಿಸುತ್ತದೆ. ಖಾಲಿ ಹುಟ್ಟನ್ನು ತೆಗೆದು ಕರಗಿಸುವುದು, ತಳದ ಹಲಗೆಯನ್ನು ಆಗಾಗ ಕೆರೆಯುವುದು, ಎತ್ತಿಟ್ಟ ಚೌಕಟ್ಟುಗಳಿಗೆ ಗಂಧಕದ ಹೊಗೆ ಕೊಡುವುದು ಹಳೆಯ ಕ್ರಮ. ಕಣಜಗಳ ಗೂಡು ಹುಡುಕಿ ತೆಗೆಯುತ್ತಾರೆ, ಬಾಗಿಲು ಕಿರಿದು ಮಾಡುತ್ತಾರೆ. ಕಣಜವನ್ನು ಮುತ್ತಿಕೊಂಡು ಮೈಬಿಸಿಯಿಂದಲೇ ಕೊಲ್ಲುವ ಕಲೆ ತುಡುವೆಗೂ ಗೊತ್ತು. ಜೇನುನೊಣ ಹಿಡಿಯುವ ಕಳ್ಳಿಪೀರ, ಕಾಜಾಣ ಹಕ್ಕಿಗಳನ್ನು ಓಡಿಸುವ ಗೋಜಿಗೆ ಹೋಗದಿರುವುದೇ ಲೇಸು, ಅವು ಬೆಳೆಯ ಹುಳುಗಳನ್ನೂ ತಿನ್ನುತ್ತವೆ.

ಈ ಯಾವ ಶತ್ರುವೂ ಮಾಡದಷ್ಟು ಹಾನಿಯನ್ನು 1991–92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಮಾಡಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ಪೀಠ, ಬಟ್ಟಲು, ಗ್ರೀಸ್ ಯಾವುದೂ ಅದಕ್ಕೆ ಅಡ್ಡ ಬರುವಂಥವಲ್ಲ. ರೋಗದಿಂದ ಬದುಕುಳಿದ ಸಂಸಾರಗಳನ್ನು ಪಾಲು ಮಾಡಿ ಮತ್ತೆ ಬೆಳೆಸಬೇಕಾಯಿತು.

ಕೋಲಾರದಲ್ಲಿ ಈಗ ಎಲ್ಲಕ್ಕಿಂತ ಹತ್ತಿರದ ಅಪಾಯ ಮಾವು, ಟೊಮೆಟೊ ತೋಟಗಳ ಔಷಧಿ ಸಿಂಪರಣೆ. ಮಾವು ಹೂಬಿಟ್ಟಾಗ ಜಿಗಿಹುಳುವಿಗೆ ಹೊಡೆಯುವ ಕೀಟನಾಶಕ, ಅದೇ ಹೂವಿಗೆ ಬಂದ ಜೇನನ್ನೂ ಬಿಡುವುದಿಲ್ಲ. ಪಕ್ಕದ ತೋಟದವರು ಮುಂಚಿತವಾಗಿ ಹೇಳಿದರೆ, ನೊಣಗಳೆಲ್ಲ ಒಳಸೇರಿದ ಮೇಲೆ ಕತ್ತಲಲ್ಲಿ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ, ಗಾಳಿಯಾಡುವಂತೆ ನೋಡಿಕೊಂಡು, ಮರುದಿನ ನೆರಳಲ್ಲಿ ಮುಚ್ಚಿಡಬಹುದು. ಸಂಜೆಯಾದ ಮೇಲೆ ಸಿಂಪಡಿಸಲು ಅವರು ಒಪ್ಪಿದರೆ ಇನ್ನೂ ಒಳ್ಳೆಯದು.